ನಾಟಕಕ್ಕೆ ಮೂವಿಂಗ್ ಲೈಟ್: ಯಾವುದನ್ನು ಆರಿಸಬೇಕು, ಎಲ್ಲಿ ತೂಗುಹಾಕಬೇಕು?

ಎರಡು ಹಂತ ಒಂದು ಕಂಬ — ಪ್ರಶ್ನೆ

ನಮ್ಮದು ಮೈಸೂರಿನ ಒಂದು ಹವ್ಯಾಸಿ ತಂಡ. ಇಷ್ಟು ವರ್ಷ ಪಾರ್ ಕ್ಯಾನ್, ಫ್ರೆನೆಲ್ ಎಂಬ ಅಲುಗದ ದೀಪಗಳು ಮತ್ತು ಬಾಡಿಗೆಗೆ ಸಿಕ್ಕಷ್ಟು, ಅಂಚು ಸ್ಪಷ್ಟವಾಗಿ ಬರುವ ಪ್ರೊಫೈಲ್‌ಗಳಲ್ಲಿಯೇ ಬೆಳಕಿನ ಕೆಲಸವನ್ನು ಸಾಗಿಸಿಕೊಂಡು ಬಂದಿದ್ದೇವೆ. ಈ ಬಾರಿ ಕೈಗೆತ್ತಿಕೊಂಡಿರುವ ನಾಟಕದಲ್ಲಿ 14 ದೃಶ್ಯಗಳಿದ್ದು, ಕಥೆ ಒಂಬತ್ತು ಜಾಗಗಳಲ್ಲಿ ನಡೆಯುತ್ತದೆ. ರಂಗದ ಮೇಲೆ ಎರಡು ಮರದ ಹಂತಗಳು ಮತ್ತು ಒಂದು ಕಂಬವನ್ನು ಬಿಟ್ಟರೆ ಬೇರೆ ಸಜ್ಜಿಕೆಯಿಲ್ಲ. ಮನೆಯ ಅಂಗಳ, ನ್ಯಾಯಾಲಯದ ಮೊಗಸಾಲೆ, ಹೊಳೆದಂಡೆ, ಆಸ್ಪತ್ರೆಯ ಕೋಣೆ, ಇವೆಲ್ಲವೂ ಬೆಳಕಿನಿಂದಲೇ ಮೂಡಿ ಬೆಳಕಿನಿಂದಲೇ ಅಳಿಯಬೇಕು ಎನ್ನುವುದು ನಿರ್ದೇಶಕರ ಅಪೇಕ್ಷೆ. ಪ್ರತಿಯೊಂದು ಜಾಗಕ್ಕೂ ಬೇರೆ ಬೇರೆ ದೀಪ ಕಟ್ಟುತ್ತಾ ಹೋದರೆ ನಮಗೆ ಸಿಗುವ ಡಿಮ್ಮರ್‌ಗಳು (ದೀಪವನ್ನು ಏರಿಸಿ ಇಳಿಸುವ ಸಾಧನಗಳು) ಸಾಲುವುದಿಲ್ಲವಾದ್ದರಿಂದ ಮೊದಲ ಸಲ ಮೂವಿಂಗ್ ಲೈಟ್‌ಗಳನ್ನು, ಅಂದರೆ ದೂರದಿಂದಲೇ ತಿರುಗಿಸಬಹುದಾದ ದೀಪಗಳನ್ನು, ತರಿಸುವ ಯೋಚನೆ ಮಾಡಿದ್ದೇವೆ.

ಮೊದಲ ಎರಡು ಪ್ರದರ್ಶನಗಳು ಬೆಂಗಳೂರಿನ ರಂಗಶಂಕರದಲ್ಲಿ, ಅನಂತರದ ಮೂರು ಜಿಲ್ಲಾ ಕೇಂದ್ರಗಳ ರಂಗಮಂದಿರಗಳಲ್ಲಿ. ಈ ಮೂರರಲ್ಲಿ ಒಂದನ್ನು ನಾನೇ ಹೋಗಿ ಅಳೆದು ಬಂದಿದ್ದೇನೆ. ರಂಗದ ಬಾಯಿ 32 ಅಡಿ ಅಗಲ, ಆಳ 24 ಅಡಿ. ರಂಗದ ಮೇಲೆ ದೀಪ ಕಟ್ಟುವ ಮೂರು ಬಾರ್‌ಗಳಿದ್ದು ಎಲ್ಲವೂ 18 ಅಡಿ ಎತ್ತರದಲ್ಲಿವೆ. ಪ್ರೇಕ್ಷಾಗೃಹದೊಳಗೆ, ರಂಗದ ಅಂಚಿನಿಂದ 28 ಅಡಿ ದೂರದಲ್ಲಿ ಮತ್ತು ರಂಗದ ನೆಲದಿಂದ 20 ಅಡಿ ಎತ್ತರದಲ್ಲಿ, ಇನ್ನೊಂದು ಬಾರ್ ಇದೆ.

ಬಾಡಿಗೆಯವರು ಒಂದೇ ಮೊತ್ತಕ್ಕೆ ಎರಡು ದಾರಿ ಹೇಳಿದ್ದಾರೆ. ಒಂದು, 230 ವ್ಯಾಟಿನ ಬೀಮ್ ಲೈಟ್‌ಗಳು ಎಂಟು. ಎಲ್ಲರೂ ‘ಶಾರ್ಪಿ’ ಎಂದು ಕರೆಯುವ ಬಗೆಯವು. ಇನ್ನೊಂದು, ಶಟರ್ (ಬೆಳಕಿನ ಅಂಚನ್ನು ಕತ್ತರಿಸುವ ತಗಡುಗಳು) ಇರುವ ಎಲ್‌ಇಡಿ ಪ್ರೊಫೈಲ್ ಮೂವಿಂಗ್ ಹೆಡ್‌ಗಳು ನಾಲ್ಕು. ಎಂಟು ಎಂಬ ಸಂಖ್ಯೆಯೇ ನಮ್ಮ ತಂಡದ ಹಲವರನ್ನು ಮೊದಲನೆಯ ಕಡೆಗೆ ಎಳೆಯುತ್ತಿದೆ. ಯಾವುದನ್ನು ಆರಿಸಿಕೊಳ್ಳುವುದು ಸರಿ, ಅವನ್ನು ಯಾವ ಬಾರ್‌ನಲ್ಲಿ ಎಷ್ಟು ಅಂತರದಲ್ಲಿ ಕಟ್ಟಬೇಕು, ಮತ್ತು ಪ್ರತಿ ಊರಿನಲ್ಲಿ ಬೆಳಕಿನ ಜೋಡಣೆಗೆ ನಮಗೆ ಸಿಗುವ ನಾಲ್ಕು ಗಂಟೆಗಳಲ್ಲಿ ಇದೆಲ್ಲ ಸಾಧ್ಯವೇ ಎಂಬುದನ್ನು ಅನುಭವವಿದ್ದವರು ತಿಳಿಸಬೇಕೆಂದು ಕೋರುತ್ತೇನೆ.

ಹಳೆಯ ಡಿಮ್ಮರ್ — ಉತ್ತರ

ನೀವು ಅಳತೆಗಳನ್ನು ಕೊಟ್ಟಿರುವುದರಿಂದ ಮಾತು ಸುಲಭವಾಯಿತು. ನಾಟಕಕ್ಕೆ ದೀಪ ಆರಿಸುವವರಲ್ಲಿ ಹೆಚ್ಚಿನವರು ದೀಪದ ಹೆಸರಿನಿಂದ ಹೊರಡುತ್ತಾರೆ. ದೀಪದಿಂದ ನಟನ ತಲೆಗೆ ಎಷ್ಟು ಅಡಿ ಎಂಬುದರಿಂದ ಹೊರಟರೆ ಅರ್ಧ ಪ್ರಶ್ನೆಗಳು ತಾವಾಗಿಯೇ ಬಗೆಹರಿಯುತ್ತವೆ.

ಮೊದಲು ಆ ಎಂಟು ಬೀಮ್ ಲೈಟ್‌ಗಳ ವಿಚಾರ. ಇಟಲಿಯ ಕ್ಲೇ ಪಾಕಿ ಕಂಪನಿ 2010ರ ಸುಮಾರಿಗೆ ಶಾರ್ಪಿಯನ್ನು ಹೊರತಂದಾಗ ಅದರ ಗುಣವೆಲ್ಲ ಇದ್ದದ್ದು ಕಿರಣದ ಕಿರಿದುತನದಲ್ಲಿ. ದೊಡ್ಡ ಮೈದಾನದಲ್ಲಿ, ಹೊಗೆಯ ನಡುವೆ, ಗಾಳಿಯಲ್ಲಿ ಕೋಲು ನಿಲ್ಲಿಸಿದಂತೆ ಬೆಳಕು ಕಾಣಬೇಕೆಂದು ಮಾಡಿದ ದೀಪ ಅದು. ಅದನ್ನೇ ಅನುಸರಿಸಿ ಬಂದ 230 ವ್ಯಾಟಿನ ದೀಪಗಳ ಕಿರಣಕೋನವೂ ಸಾಮಾನ್ಯವಾಗಿ 4 ಡಿಗ್ರಿಯ ಒಳಗೇ ಇರುತ್ತದೆ. ಈಗ ನಿಮ್ಮ ಅಳತೆಯಲ್ಲಿ ಲೆಕ್ಕ ಹಾಕಿ. ಬಾರ್ 18 ಅಡಿಯಲ್ಲಿದ್ದರೂ ಮೂವಿಂಗ್ ಹೆಡ್ ತಲೆಕೆಳಗಾಗಿ ತೂಗುವುದರಿಂದ ಮಸೂರ ನಿಲ್ಲುವುದು ಹೆಚ್ಚುಕಡಿಮೆ 16 ಅಡಿಯಲ್ಲಿ. ನಟನ ತಲೆ ಐದೂವರೆ ಅಡಿಯಲ್ಲಿದೆ, ದೀಪ ಅವನ ಹಿಂದೆ ಆರು ಅಡಿ ದೂರದಲ್ಲಿದೆ ಎಂದುಕೊಳ್ಳೋಣ. ದೀಪಕ್ಕೂ ತಲೆಗೂ ಇರುವ ದೂರ 12 ಅಡಿ. 4 ಡಿಗ್ರಿಯ ಕಿರಣ ಅಲ್ಲಿಗೆ ಬರುವಾಗ ಅದರ ಅಗಲ ಸುಮಾರು 10 ಅಂಗುಲ. ಅಂದರೆ ನಟನ ತಲೆಗೆ ಒಂದು ತಟ್ಟೆಯಷ್ಟು ಬೆಳಕು ಬಿದ್ದು ಹೆಗಲುಗಳು ಕತ್ತಲಲ್ಲಿ ಉಳಿಯುತ್ತವೆ. ಫ್ರಾಸ್ಟ್ ಎಂಬ ಮಸುಕು ಗಾಜು ಹಾಕಿ ಹರಡಬಹುದು, ನಿಜ. ಆದರೆ ಕಿರಿದಾಗಿರಲಿ ಎಂದೇ ಮಾಡಿದ ದೀಪವನ್ನು ಬಾಡಿಗೆಗೆ ತಂದು ಅದರ ಕಿರಿದುತನವನ್ನು ಕೆಡಿಸಲು ಗಾಜು ಹಾಕುವುದರಲ್ಲಿ ಯಾವ ಜಾಣತನವಿದೆ?

ಎರಡನೆಯ ತೊಂದರೆ ಇನ್ನೂ ದೊಡ್ಡದು. ಈ ಬೀಮ್ ಲೈಟ್‌ಗಳಲ್ಲಿರುವುದು ಡಿಸ್ಚಾರ್ಜ್ ದೀಪ. ಅದನ್ನು ವಿದ್ಯುತ್ತಿನಿಂದ ಮಂದಗೊಳಿಸಲು ಬರುವುದಿಲ್ಲ; ದೀಪ ಸದಾ ಪೂರ್ತಿ ಉರಿಯುತ್ತಿದ್ದು ಅದರ ಮುಂದೆ ಒಂದು ತಗಡು ಸರಿದು ಬೆಳಕನ್ನು ಮರೆಮಾಡುತ್ತದೆ. ಹ್ಯಾಲೊಜನ್ ದೀಪ ಇಳಿಯುತ್ತಾ ಕೆಂಪಾಗುತ್ತದೆಯಲ್ಲ, ಸಂಜೆಯಾದಂತೆ, ಆ ಗುಣ ಇದಕ್ಕಿಲ್ಲ. ಹತ್ತು ಶೇಕಡದಲ್ಲಿಯೂ ಅದೇ ನೀಲಿಬಿಳಿ. ಮೇಲಾಗಿ, ದೃಶ್ಯದ ನಡುವೆ ಯಾವುದೋ ಕಾರಣಕ್ಕೆ ಕರೆಂಟು ಹೋಗಿ ಬಂದರೆ ದೀಪ ತಣ್ಣಗಾಗುವ ತನಕ ಕೆಲವು ನಿಮಿಷ ಮತ್ತೆ ಹೊತ್ತಿಕೊಳ್ಳುವುದಿಲ್ಲ.

ಹಾಗಾಗಿ ನಾಲ್ಕು ಎಲ್‌ಇಡಿ ಪ್ರೊಫೈಲ್‌ಗಳನ್ನೇ ಆರಿಸಿ. ಅವುಗಳ ಶಟರ್‌ಗಳೇ ನಿಮ್ಮ ನಾಟಕದ ಜೀವಾಳ. ಜಾಗವೆಂದರೆ ಅಂಚು. ನ್ಯಾಯಾಲಯದ ಮೊಗಸಾಲೆಗೆ ಉದ್ದನೆಯ ಪಟ್ಟಿ ಬೇಕು, ಆಸ್ಪತ್ರೆಗೆ ಚೌಕ ಬೇಕು, ಹೊಳೆದಂಡೆಗೆ ಅಂಚು ಕರಗಿದ ಗೋಬೊ (ಬೆಳಕಿನಲ್ಲಿ ಚಿತ್ತಾರ ಮೂಡಿಸುವ ತಟ್ಟೆ) ಬೇಕು. ಮೇಲಿನ ಹಂತದ ಮೇಲೆ ಬಿದ್ದ ಬೆಳಕು ಕೆಳಗಿನ ಹಂತಕ್ಕೆ ಸೋರಬಾರದು. ದುಂಡನೆಯ ಬೆಳಕು ಮಾತ್ರ ಕೊಡುವ ದೀಪದಿಂದ ಇದಾವುದೂ ಆಗದು. ಆರಿಸುವಾಗ ಬಾಡಿಗೆಯವರನ್ನು ಕೇಳಬೇಕಾದದ್ದು ಇಷ್ಟು: ಜೂಮ್ ಎಷ್ಟರಿಂದ ಎಷ್ಟು ಡಿಗ್ರಿ, ಶಟರ್‌ಗಳು ನಾಲ್ಕೂ ಪೂರ್ತಿ ಮುಚ್ಚುತ್ತವೆಯೇ, ಬೆಳಕಿನ ಬಣ್ಣವನ್ನು ಕಿತ್ತಳೆಯತ್ತ ತಿರುಗಿಸುವ ಸಿಟಿಒ ಕ್ರಮೇಣ ಬದಲಾಗುವಂಥದೇ ಅಥವಾ ಒಂದೇ ಗಾಜೇ, ಪ್ಯಾನ್ (ಅಡ್ಡಲಾಗಿ ತಿರುಗುವುದು) ಮತ್ತು ಟಿಲ್ಟ್ (ಮೇಲೆ ಕೆಳಗೆ ಬಾಗುವುದು) 16 ಬಿಟ್‌ನಲ್ಲಿ ನಡೆಯುತ್ತವೆಯೇ. ಈ ಕೊನೆಯದನ್ನು ಜನ ಕಡೆಗಣಿಸುತ್ತಾರೆ. 540 ಡಿಗ್ರಿಯ ಪ್ಯಾನ್ ಅನ್ನು 8 ಬಿಟ್‌ನಲ್ಲಿ, ಅಂದರೆ 256 ಹೆಜ್ಜೆಗಳಲ್ಲಿ, ನಡೆಸಿದರೆ ಒಂದೊಂದು ಹೆಜ್ಜೆಯೂ 2 ಡಿಗ್ರಿಗಿಂತ ಹೆಚ್ಚು. ನಿಮ್ಮ ಪ್ರೇಕ್ಷಾಗೃಹದ ಬಾರ್‌ನಿಂದ ಅದು ರಂಗದ ಮೇಲೆ ಒಂದೂಕಾಲು ಅಡಿಯ ಜಿಗಿತ. 16 ಬಿಟ್‌ನಲ್ಲಿ ಅದೇ ಸುತ್ತು 65,536 ಹೆಜ್ಜೆಗಳಾಗುತ್ತದೆ.

ಇನ್ನು ಎಲ್ಲಿ ಕಟ್ಟುವುದು. ಎಲ್ಲರ ಕೈಯೂ ಮೊದಲು ಪ್ರೇಕ್ಷಾಗೃಹದ ಬಾರ್ ಕಡೆಗೆ ಹೋಗುತ್ತದೆ, ನನ್ನದೂ ಒಮ್ಮೆ ಹೋಗಿತ್ತು. ನಿಮ್ಮ ಆ ಬಾರ್‌ನಿಂದ, ಅಂಚಿನಿಂದ ಆರು ಅಡಿ ಒಳಗೆ ನಿಂತ ನಟನಿಗೆ ಬೆಳಕು ತಲುಪುವ ಕೋನ ಸುಮಾರು 23 ಡಿಗ್ರಿ. ಮುಖಕ್ಕೆ 45 ಡಿಗ್ರಿಯ ಆಸುಪಾಸು ಇರಬೇಕೆಂದು ಅಮೆರಿಕದ ಬೆಳಕಿನ ವಿನ್ಯಾಸಕ ಸ್ಟ್ಯಾನ್ಲಿ ಮೆಕ್‌ಕ್ಯಾಂಡ್ಲೆಸ್ ಹಾಕಿಕೊಟ್ಟ ಕ್ರಮವನ್ನು ನಾವೆಲ್ಲ ಕಲಿತವರೇ. 23 ಡಿಗ್ರಿಯಲ್ಲಿ ನಟನ ಹಿಂದೆ 13 ಅಡಿ ಉದ್ದದ ನೆರಳು ಮಲಗುತ್ತದೆ. ಅವನು ಸ್ವಲ್ಪ ಹಿಂದೆ ಸರಿದರೂ ಅದು ಎದ್ದು ಹಿಂಪರದೆಯ ಮೇಲೆ ನಿಲ್ಲುತ್ತದೆ. ನಾನು ಅಂದು ನಾಲ್ಕೂ ದೀಪಗಳನ್ನು ಅಲ್ಲಿಯೇ ಕಟ್ಟಿ, ಮೊದಲ ದೃಶ್ಯದಿಂದಲೇ ಹಿಂಪರದೆಯ ಮೇಲೆ ಒಬ್ಬೊಬ್ಬ ನಟನಿಗೂ ಒಬ್ಬ ಕಪ್ಪು ಜೊತೆಗಾರನನ್ನು ಒದಗಿಸಿದ್ದೆ. ಮುಖದ ಬೆಳಕನ್ನು ಆ ಬಾರ್‌ನ ಹಳೆಯ ಹ್ಯಾಲೊಜನ್ ಪ್ರೊಫೈಲ್‌ಗಳಿಗೂ ರಂಗದ ಮೇಲಿನ ಫ್ರೆನೆಲ್‌ಗಳಿಗೂ ಬಿಟ್ಟುಬಿಡಿ. ಮುಖದ ಮೇಲಿನ ಬೆಳಕು ಅಲುಗಾಡಬಾರದು, ಅದರ ಬಣ್ಣ ದೃಶ್ಯದಿಂದ ದೃಶ್ಯಕ್ಕೆ ನೆಗೆಯಬಾರದು. ಮೂವಿಂಗ್ ಲೈಟ್ ಬೆಳಗಬೇಕಾದದ್ದು ಜಾಗವನ್ನು.

ನಾನಾದರೆ ಎರಡನ್ನು ಹಿಂದಿನ ಬಾರ್‌ನಲ್ಲಿ, ನಡುಗೆರೆಯಿಂದ ಎಡಕ್ಕೂ ಬಲಕ್ಕೂ ಹತ್ತತ್ತು ಅಡಿ ದೂರದಲ್ಲಿ ಕಟ್ಟುತ್ತೇನೆ. ಹಿಂದಿನಿಂದ ಬರುವ ಬೆಳಕು ನೆಲಕ್ಕೆ ಆಕಾರ ಕೊಡುತ್ತದೆ, ನಟನನ್ನು ಪರದೆಯಿಂದ ಬಿಡಿಸಿ ನಿಲ್ಲಿಸುತ್ತದೆ, ಮತ್ತು ಅರ್ಧ ಅಡಿ ತಪ್ಪಿದರೂ ಯಾರಿಗೂ ತಿಳಿಯುವುದಿಲ್ಲ. ಉಳಿದೆರಡು ರಂಗದ ಮೊದಲ ಬಾರ್‌ನಲ್ಲಿ, ನಡುಗೆರೆಯಿಂದ ಎಂಟೆಂಟು ಅಡಿ. ಆ ದೀಪದಿಂದ ಹತ್ತು ಅಡಿ ಹಿಂದೆ ನಡುಗೆರೆಯ ಮೇಲೆ ನಿಂತ ನಟನಿಗೆ ಬೆಳಕು ಓರೆಯಾಗಿ, ಸುಮಾರು 40 ಡಿಗ್ರಿಯಲ್ಲಿ ಬೀಳುತ್ತದೆ. ಆ ಬಾರ್‌ನ ನೇರ ಕೆಳಗೆ ಬಂದು ನಿಂತವನಿಗೆ ಮಾತ್ರ ಇದರಿಂದ ಉಪಯೋಗವಿಲ್ಲ; ಅವನ ಪಾಲು ಪ್ರೇಕ್ಷಾಗೃಹದ ಹ್ಯಾಲೊಜನ್‌ಗಳದು.

ಮುಖ್ಯವಾದ ಯಾವುದೇ ಜಾಗ ದೀಪದ ನೇರ ಕೆಳಗೆ ಬರದಂತೆ ನೋಡಿಕೊಳ್ಳಬೇಕು. ನೇರ ಕೆಳಗಿನ ಬಿಂದುವನ್ನು ದಾಟುವಾಗ ದೀಪ ಒಮ್ಮೆಲೇ ಅರ್ಧ ಸುತ್ತು ಪ್ಯಾನ್ ಆಗಬೇಕಾಗಿ ಬರಬಹುದು, ಆಗ ಬೆಳಕು ತೂರಾಡುತ್ತದೆ.

ಕ್ಲ್ಯಾಂಪ್ ಮತ್ತು ಕೇಬಲ್ — ಉತ್ತರ

ಮೇಲಿನವರು ಬೆಳಕಿನ ಮಾತು ಹೇಳಿದ್ದಾರೆ. ನಾನು ಬಾಡಿಗೆಯ ಕಡೆಯಲ್ಲಿ ಕೆಲಸ ಮಾಡುವವನು, ಕಬ್ಬಿಣ ಮತ್ತು ಕರೆಂಟಿನ ಮಾತು ಹೇಳುತ್ತೇನೆ.

ಶಟರ್ ಇರುವ ಮೂವಿಂಗ್ ಹೆಡ್ ಒಂದಕ್ಕೆ 25 ಕಿಲೋ ಎಂದು ಹಿಡಿಯಿರಿ, ದೊಡ್ಡವು 30 ದಾಟುತ್ತವೆ. ಪಾರ್ ಕ್ಯಾನಿನಂತೆ ಇದು ಕಟ್ಟಿದ ಮೇಲೆ ಸುಮ್ಮನೆ ಇರುವ ತೂಕವಲ್ಲ. ತಲೆ ರಭಸದಿಂದ ತಿರುಗಿ ನಿಂತಾಗಲೆಲ್ಲ ಬಾರ್ ಅದಕ್ಕೆ ಪ್ರತಿಯಾಗಿ ಒದೆಯುತ್ತದೆ, ಮತ್ತು ಪಕ್ಕದಲ್ಲಿರುವ ಪ್ರೊಫೈಲ್‌ನ ಫೋಕಸ್ ಅಲುಗಾಡುತ್ತದೆ. ಹಗ್ಗದ ಮೇಲೆ ತೂಗುವ ಬಾರ್‌ನಲ್ಲಿ ಇದು ಎದ್ದು ಕಾಣುತ್ತದೆ. ಹಾಗಾಗಿ ಮೂವಿಂಗ್ ಹೆಡ್ ಅನ್ನು ಬಾರ್‌ನ ನಡುವಿನ ಜೋಲುವ ಭಾಗಕ್ಕಿಂತ ತೂಗುಬಿಂದುಗಳ ಹತ್ತಿರ ಕಟ್ಟುವುದು ಲೇಸು, ಮೇಲೆ ಸೂಚಿಸಿರುವ ಎಂಟಡಿ ಹತ್ತಡಿಗಳನ್ನು ಒಂದಡಿ ಅತ್ತಿತ್ತ ಮಾಡಿಕೊಂಡರೂ ನಷ್ಟವಿಲ್ಲ. ಪ್ರತಿ ದೀಪಕ್ಕೂ ಎರಡು ಕ್ಲ್ಯಾಂಪ್ ಮತ್ತು ಉಕ್ಕಿನ ಸುರಕ್ಷತಾ ತಂತಿ ಇರಲೇಬೇಕು. ತಂತಿಯನ್ನು ದೀಪದ ಹಿಡಿಕೆಗೆ ಸಿಕ್ಕಿಸುವವರನ್ನು ಕಂಡಿದ್ದೇನೆ. ಅದಕ್ಕೆಂದೇ ತಳಭಾಗದಲ್ಲಿ ಬೇರೆ ಕಣ್ಣು ಕೊಟ್ಟಿರುತ್ತಾರೆ, ಅಲ್ಲಿಯೇ ಹಾಕಬೇಕು.

ಕರೆಂಟಿನ ವಿಷಯದಲ್ಲಿ ಒಂದೇ ಒಂದು ನಿಯಮವನ್ನು ನೆನಪಿಡಿ. ಮೂವಿಂಗ್ ಲೈಟ್ ಅನ್ನು ಡಿಮ್ಮರ್‌ನ ಸಾಕೆಟ್‌ಗೆ ಎಂದಿಗೂ ಚುಚ್ಚಬಾರದು, ಡಿಮ್ಮರ್ ಪೂರ್ತಿ ಏರಿಸಿಟ್ಟರೂ ಬಾರದು. ಡಿಮ್ಮರ್ ಕೊಡುವುದು ಕತ್ತರಿಸಿದ ಅಲೆ, ಮೂವಿಂಗ್ ಲೈಟ್‌ನೊಳಗಿನ ಪವರ್ ಸಪ್ಲೈ ಅದನ್ನು ಸಹಿಸುವುದಿಲ್ಲ. ನಮ್ಮ ಹಳೆಯ ರಂಗಮಂದಿರಗಳಲ್ಲಿ ಬಾರ್‌ನ ಮೇಲಿರುವ 15 ಆಂಪಿಯರಿನ ಮೂರು ಪಿನ್ನಿನ ಸಾಕೆಟ್‌ಗಳನ್ನು ನೋಡಿದರೆ ಯಾವುದು ಡಿಮ್ಮರಿನದು, ಯಾವುದು ನೇರ ಕರೆಂಟಿನದು ಎಂದು ಗೊತ್ತೇ ಆಗುವುದಿಲ್ಲ. ಒಂದು ಜಿಲ್ಲಾ ಕೇಂದ್ರದಲ್ಲಿ ಅಲ್ಲಿನ ಸಹಾಯಕರು ‘ಇದು ಡೈರೆಕ್ಟ್’ ಎಂದು ತೋರಿಸಿದ ಸಾಕೆಟ್ಟನ್ನು ನಾನು ಪರೀಕ್ಷಿಸದೆ ನಂಬಿದೆ. ಸಂಜೆ ನಾಟಕದ ನಡುವೆ ಎರಡು ದೀಪಗಳು ತಾವಾಗಿಯೇ ರೀಸೆಟ್ ಆಗಿ, ನಾಯಕಿ ಅಳುತ್ತಿದ್ದ ದೃಶ್ಯದಲ್ಲಿ ತಲೆಯನ್ನು ಗಿರಗಿರನೆ ತಿರುಗಿಸಿ ಮತ್ತೆ ಸ್ವಸ್ಥಾನಕ್ಕೆ ಬಂದವು. ಪ್ರೇಕ್ಷಕರು ನಕ್ಕರು. ಆ ಬಳಿಕ ಸಾಕೆಟ್‌ಗೆ ಮೊದಲು ಒಂದು ಸಾಮಾನ್ಯ ಬಲ್ಬು ಚುಚ್ಚಿ, ಡಿಮ್ಮರ್ ಬೋರ್ಡಿನ ಎಲ್ಲ ಫೇಡರ್‌ಗಳನ್ನು ಏರಿಸಿ ಇಳಿಸಿ ನೋಡದೆ ನಾನು ಯಾವ ದೀಪವನ್ನೂ ಜೋಡಿಸಿಲ್ಲ.

ಹೊರೆಯ ಲೆಕ್ಕ ಕಷ್ಟವಲ್ಲ. ದೀಪದ ಮೇಲಿನ ಫಲಕದಲ್ಲಿ 600 ವ್ಯಾಟ್ ಎಂದಿದ್ದರೆ ನಾಲ್ಕಕ್ಕೆ 2,400 ವ್ಯಾಟ್, ಅಂದರೆ 230 ವೋಲ್ಟಿನಲ್ಲಿ ಹತ್ತೂವರೆ ಆಂಪಿಯರ್. ಒಂದೇ ಸಾಲಿನಲ್ಲಿ ಸಾಗಬಹುದಾದರೂ ಎರಡು ಸಾಲುಗಳಿಗೆ ಹಂಚಿ, ಮುಂದಿನೆರಡು ಬೇರೆ, ಹಿಂದಿನೆರಡು ಬೇರೆ. ಒಂದು ಎಂಸಿಬಿ ಬಿದ್ದರೂ ಉಳಿದ ಜೋಡಿ ನಾಟಕ ನಡೆಸಿಕೊಡುತ್ತದೆ.

ಡಿಎಂಎಕ್ಸ್ ತಂತಿಗೆ, ಅಂದರೆ ಬೆಳಕು ನಡೆಸುವ ಕನ್ಸೋಲ್‌ನಿಂದ ದೀಪಗಳಿಗೆ ಆಜ್ಞೆ ಒಯ್ಯುವ ತಂತಿಗೆ, ಮೈಕ್ ಕೇಬಲ್ ಬಳಸಬೇಡಿ. ಎರಡೂ ನೋಡಲು ಒಂದೇ, ಮೂರು ಪಿನ್ನಿನ ಕನೆಕ್ಟರ್ ಇದ್ದರೆ ಸಲೀಸಾಗಿ ಕೂಡಿಕೊಳ್ಳುತ್ತವೆ, ತಾಲೀಮಿನಲ್ಲಿ ಕೆಲಸವನ್ನೂ ಮಾಡುತ್ತವೆ. ಪ್ರದರ್ಶನದ ಹೊತ್ತಿಗೆ ದೀಪ ನಡುಗತೊಡಗುತ್ತದೆ. ಕೊನೆಯ ದೀಪದಲ್ಲಿ ಸಾಲನ್ನು ಮುಗಿಸುವ 120 ಓಮ್‌ನ ಟರ್ಮಿನೇಟರ್ ಹಾಕಿ. ಒಂದು ಸಾಲಿನಲ್ಲಿ 512 ಚಾನೆಲ್‌ಗಳಿರುತ್ತವೆ. ಇಂಥ ದೀಪವೊಂದು 30 ರಿಂದ 50 ಚಾನೆಲ್ ನುಂಗಿದರೂ ನಿಮ್ಮ ನಾಲ್ಕಕ್ಕೆ ಕೊರತೆಯಿಲ್ಲ.

ಎರಡು ಹಂತ ಒಂದು ಕಂಬ — ಮರುಪ್ರಶ್ನೆ

ಇಬ್ಬರಿಗೂ ಕೃತಜ್ಞತೆಗಳು. ತಂಡದ ಸಭೆಯಲ್ಲಿ ಆ ಹತ್ತು ಅಂಗುಲದ ಲೆಕ್ಕವನ್ನು ಓದಿ ಹೇಳಿದ ಮೇಲೆ ಎಂಟರ ಮೋಹ ಇಳಿದಿದೆ. ಆದರೆ ಈಗ ಬೇರೊಂದು ಸಮಸ್ಯೆ ಎದುರಾಗಿದೆ. ಕೊನೆಯ ದೃಶ್ಯದಲ್ಲಿ ನಾಯಕ ರಂಗದ ಎಡತುದಿಯಿಂದ ಬಲತುದಿಯ ಕಂಬದ ತನಕ, ಸುಮಾರು 20 ಅಡಿ, ನಿಧಾನವಾಗಿ ನಡೆಯುತ್ತಾನೆ. ಒಂದೇ ಒಂದು ಬೆಳಕು ಅವನನ್ನು ಹಿಂಬಾಲಿಸುವುದು ಪ್ರೇಕ್ಷಕರಿಗೆ ಕಾಣಿಸಲೇಬೇಕು ಎಂದು ನಿರ್ದೇಶಕರು ಪಟ್ಟು ಹಿಡಿದಿದ್ದಾರೆ. ‘ಚಲಿಸುವ ದೀಪವನ್ನು ತಂದು ಚಲನೆಯನ್ನೇ ಬಚ್ಚಿಡುವುದಾದರೆ ತರುವುದೇಕೆ’ ಎಂಬುದು ಅವರ ವಾದ. ಮನೆಯಂಗಳದಲ್ಲಿ ಎರಡು ದೀಪ ಇಟ್ಟು ಅಭ್ಯಾಸ ಮಾಡಿದಾಗ ಬೆಳಕು ನೇರವಾಗಿ ಹೋಗದೆ ಬಿಲ್ಲಿನಂತೆ ಬಾಗಿ ಹೋಯಿತು, ನಟ ಅದರಿಂದ ಹೊರಗುಳಿದ.

ಇನ್ನೊಂದು ಮಾತು. ಬಾರ್ ಎಷ್ಟು ತೂಕ ತಡೆಯುತ್ತದೆ ಎಂದು ರಂಗಮಂದಿರದವರನ್ನು ಕೇಳಿದ್ದಕ್ಕೆ ‘ಎಷ್ಟು ಬೇಕಾದರೂ ಕಟ್ಟಿ’ ಎಂಬ ಉತ್ತರ ಬಂತು.

ನೇಪಥ್ಯವಾಸಿ — ಉತ್ತರ

ನಾನು ನಿರ್ದೇಶನದ ಕಡೆಯಿಂದ ಬಂದವನಾದ್ದರಿಂದ ನಿಮ್ಮ ನಿರ್ದೇಶಕರ ಪಟ್ಟು ನನಗೆ ಅರ್ಥವಾಗುತ್ತದೆ. ಅವರ ವಾದದಲ್ಲಿ ಅರ್ಧ ಸತ್ಯವಿದೆ. ಮೂವಿಂಗ್ ಲೈಟ್ ಹುಟ್ಟಿದ್ದು ರಂಗಭೂಮಿಯಲ್ಲಲ್ಲ. 1981ರಲ್ಲಿ ಜೆನೆಸಿಸ್ ಎಂಬ ರಾಕ್ ತಂಡದ ಪ್ರವಾಸದಲ್ಲಿ ವ್ಯಾರಿಲೈಟ್ ದೀಪಗಳು ಮೊದಲು ಬೆಳಗಿದವು. ಅಲ್ಲಿ ದೀಪ ಚಲಿಸುವುದನ್ನು ನೋಡುವುದೇ ಜನರ ಸಂತೋಷ. ನಾಟಕದಲ್ಲಿ ಕಾಣುವಂತೆ ಚಲಿಸಿದ ಬೆಳಕು ಒಂದು ಪಾತ್ರವಾಗಿಬಿಡುತ್ತದೆ, ಪಾತ್ರಕ್ಕೆ ಪ್ರವೇಶ ಒಂದೇ ಇದ್ದರೆ ಚೆನ್ನ. ಆದುದರಿಂದ ಹದಿಮೂರು ದೃಶ್ಯಗಳಲ್ಲಿ ಒಂದು ದೀಪವೂ ಬೆಳಗಿರುವಾಗ ಅಲುಗಬಾರದು. ಹದಿನಾಲ್ಕನೆಯದರಲ್ಲಿ ಒಂದು ಅಲುಗಲಿ. ಆಗ ನಿರ್ದೇಶಕರು ಬಯಸಿದ ಪರಿಣಾಮ ಇಮ್ಮಡಿಯಾಗಿ ಸಿಗುತ್ತದೆ.

ಬೆಳಕು ಬಿಲ್ಲಿನಂತೆ ಬಾಗಿದ್ದಕ್ಕೆ ದೀಪದ ದೋಷ ಕಾರಣವಲ್ಲ. ಕನ್ಸೋಲ್ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಪ್ಯಾನ್ ಮತ್ತು ಟಿಲ್ಟ್ ಎಂಬ ಎರಡು ಕೋನಗಳನ್ನು ಸಮವೇಗದಲ್ಲಿ ಬದಲಾಯಿಸುತ್ತದೆ. ಕೋನದಲ್ಲಿ ನೇರವಾದದ್ದು ನೆಲದ ಮೇಲೆ ನೇರವಾಗಿರುವುದಿಲ್ಲ. ದಾರಿಯ ನಡುವೆ ಮೂರು ಬಿಂದುಗಳನ್ನು ಗುರುತಿಸಿ, ಪ್ರತಿಯೊಂದಕ್ಕೂ ಒಂದು ಸ್ಥಾನ ಬರೆದು, ಒಂದರ ಹಿಂದೊಂದು ತಾನಾಗಿ ಹೊರಡುವ ಕ್ಯೂಗಳನ್ನಾಗಿ (ಮೊದಲೇ ಬರೆದಿಟ್ಟ ಬೆಳಕಿನ ಬದಲಾವಣೆಗಳನ್ನಾಗಿ) ಮಾಡಿದರೆ ಬಾಗು ಕಣ್ಣಿಗೆ ಬೀಳದಷ್ಟು ಕಡಿಮೆಯಾಗುತ್ತದೆ. ಕ್ಯೂಗಳ ನಡುವೆ ದೀಪ ಕ್ಷಣಕಾಲ ತಡೆದು ನಿಂತಂತೆ ಕಂಡರೆ, ಮುಂದಿನದನ್ನು ಹಿಂದಿನದು ಮುಗಿಯುವ ಮೊದಲೇ ಹೊರಡಿಸಬೇಕು. ಈ ಕೆಲಸಕ್ಕೆ ಹಿಂದಿನ ಬಾರ್‌ನ ದೀಪವನ್ನೇ ಬಳಸಿ, ಪ್ರೇಕ್ಷಾಗೃಹದ್ದನ್ನಲ್ಲ. ಮುಂದಿನಿಂದ ಬಿದ್ದರೆ ಅದು ಸರ್ಕಸ್ಸಿನ ಫಾಲೋಸ್ಪಾಟ್ ಆಗುತ್ತದೆ, ಹಿಂದಿನಿಂದ ಬಿದ್ದರೆ ಬೆನ್ನಟ್ಟುವುದಾಗುತ್ತದೆ.

ಆಮೇಲೆ, ದೀಪ ನಟನನ್ನು ಹಿಂಬಾಲಿಸುವುದಿಲ್ಲ ಎಂಬುದನ್ನು ನಟನಿಗೆ ಮೊದಲ ದಿನವೇ ಹೇಳಿಬಿಡಿ. ಬರೆದಿಟ್ಟ ಕ್ಯೂ ಪ್ರತಿ ರಾತ್ರಿಯೂ ಅದೇ ವೇಗದಲ್ಲಿ ಹೋಗುತ್ತದೆ, ನಟನ ಹೆಜ್ಜೆಯೇ ಅದಕ್ಕೆ ಹೊಂದಬೇಕು. ಇದು ನಮ್ಮ ನಾಡಿಗೆ ಹೊಸದೇನಲ್ಲ. ದೀವಟಿಗೆಯ ಕಾಲದ ಬಯಲಾಟದಲ್ಲಿ ವೇಷವೇ ಬೆಳಕಿನ ಬಳಿಗೆ ಬಂದು ಮುಖ ಕೊಡುತ್ತಿತ್ತು. ಪ್ರದರ್ಶನಕ್ಕೆ ಹದಿನೈದು ದಿನ ಇರುವಾಗಲೇ ತಾಲೀಮಿನ ಕೋಣೆಯಲ್ಲಿ ಒಬ್ಬರು ಕೈಯಲ್ಲಿ ಟಾರ್ಚ್ ಹಿಡಿದು, ಗಡಿಯಾರ ನೋಡುತ್ತಾ, ಅದೇ 20 ಅಡಿಯನ್ನು ಅದೇ ಸೆಕೆಂಡುಗಳಲ್ಲಿ ನಡೆಸಲಿ. ನಾವು ಹೀಗೆ ಮಾಡಿದಾಗ ನಟ ಕೊನೆಗೆ ಬೆಳಕಿನ ಕಡೆ ನೋಡುವುದನ್ನೇ ಬಿಟ್ಟ.

ಕಿರಣ ಗಾಳಿಯಲ್ಲಿ ಕಾಣಬೇಕೆಂದರೆ ಹೇಜ್, ಅಂದರೆ ತೆಳು ಮಂಜಿನಂಥ ಹೊಗೆ, ಬೇಕಾಗುತ್ತದೆ. ಅದಕ್ಕೆ ರಂಗಮಂದಿರದ ಅನುಮತಿಯನ್ನು ಮೊದಲೇ ಲಿಖಿತವಾಗಿ ಪಡೆಯಿರಿ. ಹೊಗೆ ಪತ್ತೆ ಮಾಡುವ ಅಲಾರಂ ಇರುವ ಕಡೆ ಇದನ್ನು ಮರೆತರೆ ಕೊನೆಯ ದೃಶ್ಯ ಬೇರೆಯೇ ರೀತಿಯಲ್ಲಿ ಮುಗಿಯುತ್ತದೆ. ನನಗೆ ಕೇಳಿದರೆ ಹೇಜ್ ಇಲ್ಲದೆಯೂ ನಡೆಯುತ್ತದೆ. ಬೆಳಕಿನ ವಿನ್ಯಾಸಕ ತಾಪಸ್ ಸೇನ್ 1959ರಲ್ಲಿ ಕೋಲ್ಕತ್ತದ ಮಿನರ್ವಾ ರಂಗಮಂದಿರದಲ್ಲಿ ಗಣಿಯೊಳಗೆ ನೀರು ಏರುವುದನ್ನು ಬೆಳಕಿನಿಂದಲೇ ತೋರಿಸಿದಾಗ ಅವರ ಬಳಿ ಇಂಥ ಯಂತ್ರಗಳೇ ಇರಲಿಲ್ಲ.

ಹಳೆಯ ಡಿಮ್ಮರ್ — ಮತ್ತೆ

ತೂಕದ ಬಗ್ಗೆ ‘ಎಷ್ಟು ಬೇಕಾದರೂ’ ಎಂಬುದು ಉತ್ತರವಲ್ಲ. ಕಿಲೋಗಳಲ್ಲಿ ಒಂದು ಸಂಖ್ಯೆ, ಅದರ ಕೆಳಗೆ ಒಂದು ಸಹಿ, ಇವೆರಡೂ ಸಿಗುವ ತನಕ ಆ ಬಾರ್‌ಗೆ ಮೂವಿಂಗ್ ಲೈಟ್ ಕಟ್ಟಬೇಡಿ. ಸಿಗದೇ ಹೋದರೆ ಹಿಂದಿನ ಎರಡು ದೀಪಗಳಿಗೆ ನೆಲದಿಂದ ಎಬ್ಬಿಸಿದ ಟ್ರಸ್ ಗೋಪುರಗಳನ್ನು ಬಾಡಿಗೆಯವರಿಂದಲೇ ತರಿಸಿ, ಹಿಂಭಾಗದ ವಿಂಗ್‌ಗಳ ಮರೆಯಲ್ಲಿ ನಿಲ್ಲಿಸಿ. 12 ಅಡಿಯ ಗೋಪುರದಿಂದ ಬೆಳಕು ತಗ್ಗಾಗಿ, ಓರೆಯಾಗಿ ಬರುತ್ತದೆ. ಮೊಗಸಾಲೆಯ ಪಟ್ಟಿಯಂತೂ ಅಲ್ಲಿಂದಲೇ ಹೆಚ್ಚು ಚೆನ್ನಾಗಿ ಕಾಣಬಹುದು.

ರಂಗಶಂಕರದ ಬಗ್ಗೆ ಪ್ರತ್ಯೇಕವಾಗಿ ಯೋಚಿಸಬೇಕು. ಅಲ್ಲಿ ರಂಗ ಪ್ರೇಕ್ಷಕರ ನಡುವೆ ಚಾಚಿಕೊಂಡಿದೆ, ಜನ ಮೂರು ಕಡೆ ಕೂತಿರುತ್ತಾರೆ. ಮೊದಲ ಬಾರ್‌ನಿಂದ 40 ಡಿಗ್ರಿಯಲ್ಲಿ ಅಡ್ಡಲಾಗಿ ಹೊಡೆದ ಬೆಳಕು ಎದುರು ಬದಿಯ ಪ್ರೇಕ್ಷಕರ ಕಣ್ಣಿಗೆ ನೇರವಾಗಿ ಹೋಗುತ್ತದೆ. ಅಲ್ಲಿ ಕೋನವನ್ನು 60ಕ್ಕೆ ಏರಿಸಿ, ಅಂದರೆ ದೀಪಗಳನ್ನು ಒಳಕ್ಕೆ ತಂದು, ಉಳಿದ ಸೋರಿಕೆಯನ್ನು ಶಟರ್‌ನಿಂದ ಕತ್ತರಿಸಿ. 60 ಡಿಗ್ರಿಯಲ್ಲಿ ಬಂದ ಬೆಳಕು ನಟನ ತಲೆಯನ್ನು ದಾಟಿ ಮೂರಡಿ ಮುಂದೆಯೇ ನೆಲಕ್ಕೆ ಬೀಳುತ್ತದೆ; 45ರಲ್ಲಿ ಬಂದದ್ದು ಐದೂವರೆ ಅಡಿ ಹೋಗುತ್ತದೆ. ಮುಂದಿನ ಸಾಲಿನವರ ಮೊಣಕಾಲಿಗೂ ಮುಖಕ್ಕೂ ಇರುವ ವ್ಯತ್ಯಾಸವೇ ಇದು.

ಅಲ್ಲಿ ಸದ್ದೂ ಮುಖ್ಯ. ಚಿಕ್ಕ ಪ್ರೇಕ್ಷಾಗೃಹದಲ್ಲಿ ನಟರು ಮೈಕ್ ಇಲ್ಲದೆ ಮಾತನಾಡುವಾಗ ನಾಲ್ಕು ಫ್ಯಾನ್‌ಗಳ ಗುಂಯ್‌ಗುಡುವಿಕೆ ಐದನೆಯ ಪಾತ್ರವಾಗುತ್ತದೆ. ಬಾಡಿಗೆಗೆ ಒಪ್ಪುವ ಮೊದಲು ದೀಪಗಳನ್ನು ಪೂರ್ತಿ ಬೆಳಗಿಸಿ, ಬಾಗಿಲು ಮುಚ್ಚಿ, ಹತ್ತು ನಿಮಿಷ ಸುಮ್ಮನೆ ಕುಳಿತು ಕೇಳಿ. ಹೊತ್ತಿಸಿದ ಕೂಡಲೇ ಕೇಳಿದರೆ ಪ್ರಯೋಜನವಿಲ್ಲ, ದೀಪ ಬಿಸಿಯಾದ ಮೇಲೆ ಫ್ಯಾನ್ ವೇಗ ಹಿಡಿಯುತ್ತದೆ. ‘ಸೈಲೆಂಟ್ ಮೋಡ್’ ಇದ್ದರೆ ಹಾಕಿ ನೋಡಿ, ಬೆಳಕು ಎಷ್ಟು ತಗ್ಗುತ್ತದೆ ಎಂದು ಗಮನಿಸಿ.

ನಾಲ್ಕು ಗಂಟೆ ಸಾಲುತ್ತದೆಯೇ ಎಂದಿರಿ. ಹೊಸದಾಗಿ ಬರೆಯಲು ಸಾಲದು, ತಿದ್ದಲು ಧಾರಾಳ. ಮೈಸೂರಿನಲ್ಲಿಯೇ ಒಂದು ದಿನ ದೀಪಗಳನ್ನು ತರಿಸಿ ಎಲ್ಲ ಕ್ಯೂಗಳನ್ನು ಬರೆದಿಟ್ಟುಕೊಳ್ಳಿ, ಆದರೆ ಯಾವ ಕ್ಯೂನೊಳಗೂ ಪ್ಯಾನ್ ಟಿಲ್ಟ್ ಅಂಕಿಗಳನ್ನು ನೇರವಾಗಿ ತುಂಬಬೇಡಿ. ‘ಅಂಗಳ’, ‘ಮೊಗಸಾಲೆ’, ‘ಹೊಳೆದಂಡೆ’ ಎಂದು ಹೆಸರಿಟ್ಟ ಪೊಸಿಷನ್ ಪ್ಯಾಲೆಟ್‌ಗಳನ್ನು ಮಾಡಿ ಕ್ಯೂಗಳು ಅವನ್ನೇ ಕರೆಯುವಂತೆ ಬರೆಯಿರಿ. ಊರು ಬದಲಾದಾಗ ಕ್ಯೂಗಳನ್ನು ಮುಟ್ಟುವ ಅಗತ್ಯವಿಲ್ಲ, ಪ್ಯಾಲೆಟ್‌ಗಳನ್ನು ಸರಿಪಡಿಸಿದರೆ ನಾಟಕವೆಲ್ಲ ಹೊಸ ರಂಗಕ್ಕೆ ಹೊಂದಿಕೊಳ್ಳುತ್ತದೆ. ನಾಲ್ಕು ದೀಪ, ಒಂಬತ್ತು ಜಾಗ; ಎಲ್ಲ ದೀಪವೂ ಎಲ್ಲ ಜಾಗಕ್ಕೆ ಬೇಡವಾದ್ದರಿಂದ 22 ರಿಂದ 25 ಸ್ಥಾನಗಳಾಗಬಹುದು, ಒಂದಕ್ಕೆ ಎರಡು ನಿಮಿಷವೆಂದರೂ ಐವತ್ತು ನಿಮಿಷ. ಶಟರ್ ಕತ್ತರಿಸುವುದಕ್ಕೆ ಇನ್ನೊಂದು ಅಷ್ಟೇ ಹೊತ್ತು. ದೀಪಗಳನ್ನು ಪ್ರತಿ ಊರಿನಲ್ಲಿಯೂ ಒಂದೇ ದಿಕ್ಕಿಗೆ, ಅಕ್ಷರ ತೋರುವ ಪುಟ್ಟ ಫಲಕ ಸದಾ ಪ್ರೇಕ್ಷಕರ ಕಡೆಗಿರುವಂತೆ ಕಟ್ಟಿಸಿ. ಒಂದು ದೀಪ ತಿರುಗುಮುರುಗಾಗಿ ಕೂತರೆ ನಿಮ್ಮ ಅರ್ಧ ಗಂಟೆ ಅದಕ್ಕೇ ಹೋಗುತ್ತದೆ. ಜಾಗಗಳನ್ನು ನೆಲದ ಮೇಲೆ ಗುರುತಿಸಲು ಟೇಪನ್ನೂ ಜೊತೆಗೊಯ್ಯಿರಿ.

ಕತ್ತಲಲ್ಲಿ ಸರಿದುಕೊಳ್ಳುವ ಕ್ಯೂಗಳ ವಿಚಾರದಲ್ಲಿ ಮಾತ್ರ ಎಚ್ಚರ. ಆರನೆಯ ದೃಶ್ಯದಲ್ಲಿ ಆರಿದ ದೀಪ ಏಳನೆಯದಕ್ಕೆ ಬೆಳಗಬೇಕಾದರೆ ನಡುವೆ ಅದು ತಿರುಗಿ, ಬಣ್ಣ ಬದಲಾಯಿಸಿ, ಗೋಬೊ ಹಾಕಿಕೊಂಡು ಸಿದ್ಧವಾಗಲು ಮೂರು ನಾಲ್ಕು ಸೆಕೆಂಡಾದರೂ ಕೊಡಬೇಕು. ನಿಶ್ಶಬ್ದದ ಬ್ಲಾಕ್‌ಔಟ್‌ನಲ್ಲಿ ನಾಲ್ಕೂ ಒಟ್ಟಿಗೆ ತಿರುಗಿದರೆ ಮೋಟಾರಿನ ಸದ್ದು ಕೇಳುತ್ತದೆ. ನಿಧಾನವಾಗಿ, ಸಾಧ್ಯವಾದರೆ ಸಂಗೀತದ ಮರೆಯಲ್ಲಿ ಸರಿಸಿ.

ಎರಡು ಹಂತ ಒಂದು ಕಂಬ

ನಿನ್ನೆ ಬಾಡಿಗೆಯವರ ಗೋದಾಮಿಗೆ ಹೋಗಿ, ಬಾಗಿಲು ಮುಚ್ಚಿಸಿ, ನಾಲ್ಕೂ ಎಲ್‌ಇಡಿ ಪ್ರೊಫೈಲ್‌ಗಳನ್ನು ಹೊತ್ತಿಸಿ ಕುಳಿತೆವು. ಮೊದಲ ಆರೇಳು ನಿಮಿಷ ಎಲ್ಲವೂ ಮೆತ್ತಗಿದ್ದವು, ಆಮೇಲೆ ಮೂರನೆಯದರ ಫ್ಯಾನ್ ಜೋರಾಗಿ ಕೂಗತೊಡಗಿತು. ಅದನ್ನು ಬದಲಿಸಿಕೊಡಲು ಒಪ್ಪಿದ್ದಾರೆ. ಸೈಲೆಂಟ್ ಮೋಡ್‌ನಲ್ಲಿ ಬೆಳಕು ಕಣ್ಣಿಗೆ ಗೊತ್ತಾಗುವಷ್ಟು ತಗ್ಗಿತಾದರೂ ಹಿಂದಿನಿಂದ ಹೊಡೆಯುವ ಕೆಲಸಕ್ಕೆ ಸಾಕೆನಿಸಿತು. ರಂಗಮಂದಿರದಿಂದ ತೂಕದ ಪತ್ರ ಇನ್ನೂ ಬಂದಿಲ್ಲವಾದ್ದರಿಂದ ಗೋಪುರಗಳ ಬಾಡಿಗೆಯನ್ನೂ ವಿಚಾರಿಸಿ ಬಂದಿದ್ದೇವೆ. ಟಾರ್ಚ್ ಹಿಡಿದು ನಡೆಸುವ ಅಭ್ಯಾಸ ನಾಳೆಯಿಂದ ಶುರು; 20 ಅಡಿಗೆ 24 ಸೆಕೆಂಡು ಎಂದು ನಿರ್ದೇಶಕರು ನಿಗದಿ ಮಾಡಿದ್ದಾರೆ, ನಟ 30 ಕೇಳುತ್ತಿದ್ದಾನೆ.